ಮಾಡಿದವರಿಲ್ಲದ ಕೆಲಸ

ಕಾತರಕಿ ಸರ್ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆ ಏನೋ ತಕರಾರು ಇದೆಯೆಂದೇ ಅರ್ಥ.

"ಐದು ವರ್ಗ ಛಲೋ ಆಗ್ಯಾವ ನೋಡ್ರಿ, ಅರ್ಜುನಪ್ಪ. ಒಕ್ಕಲುತನ, ಕುಶಲ ಕೆಲಸ, ವ್ಯಾಪಾರ, ನೌಕರಿ, ಮನಿಗೆಲಸ. ಯಾರೂ ಏನೂ ಅನ್ನೂ ಹಂಗಿಲ್ಲ. ಆದರ ಈ ಆರನೇದು ಯಾಕ ಬೇಕು?"

"ಅದರ ಸಲುವಾಗೇ ಉಳಿದ ಐದು ಮಾಡೇನ್ರಿ ಸರ," ಎಂದ ಅರ್ಜುನಪ್ಪ.

ಅದು ೧೯೬೩ರ ಮಳೆಗಾಲ ಮುಗಿದ ಹೊತ್ತು. ಅರ್ಜುನಪ್ಪ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಹುಬ್ಬಳ್ಳಿಯ ಹೈಸ್ಕೂಲೊಂದರಲ್ಲಿ ಕೆಲವು ವರ್ಷ ವಿಜ್ಞಾನ ಕಲಿಸಿ, ಈಗ ರಜೆಯ ಮೇಲೆ ಧಾರವಾಡದಲ್ಲಿ ಎಂ.ಎಡ್. ಓದುತ್ತಿದ್ದ. ಪದವಿಗೆ ಒಂದು ಪ್ರಬಂಧ ಬರೆಯಬೇಕಿತ್ತು. ಜೊತೆಗಾರರು ಮಕ್ಕಳ ಬುದ್ಧಿಮತ್ತೆ, ಹಾಜರಿ, ಗಣಿತದ ತಪ್ಪುಗಳು ಎಂದು ಹಾದಿ ಸವೆದ ವಿಷಯಗಳನ್ನು ಹಿಡಿದರೆ, ಅರ್ಜುನಪ್ಪ ಪ್ರಾಥಮಿಕ ಶಾಲೆಯ ಕನ್ನಡ ವಾಚನ ಪುಸ್ತಕಗಳನ್ನು ಹಿಡಿದಿದ್ದ. ಈ ಪುಸ್ತಕಗಳೊಳಗೆ ಮಗು ಯಾರನ್ನು ಭೆಟ್ಟಿಯಾಗುತ್ತದೆ? ಅವರು ಏನು ಕೆಲಸ ಮಾಡುತ್ತಾರೆ? ಇಷ್ಟೇ ಅವನ ಪ್ರಶ್ನೆ.

ಉತ್ತರ ಹುಡುಕುವ ಪದ್ಧತಿಯನ್ನು ಕಲಿಸಿದವರು ಅವನ ಪ್ರಬಂಧದ ಮಾರ್ಗದರ್ಶಕರಾದ ಕಾತರಕಿ ಸರ್. ವಿಷಯ ವಿಶ್ಲೇಷಣೆ ಎಂದು ಅದರ ಹೆಸರು. ಕೇಳಲು ದೊಡ್ಡದು, ಮಾಡಲು ಸರಳ ಎಂದು ಅವರು ಮೊದಲ ದಿನ ಹೇಳಿದ್ದರು. ಓದಬೇಕಾದ ಬರಹವನ್ನು ಆರಿಸಿಕೊಳ್ಳಬೇಕು. ಅದರೊಳಗೆ ಏನನ್ನು ಹಿಡಿಯುತ್ತೇವೆ ಎಂಬುದನ್ನು ಗೊತ್ತುಮಾಡಿಕೊಳ್ಳಬೇಕು. ಹಿಡಿದದ್ದನ್ನು ಹಾಕಲು ವರ್ಗಗಳನ್ನು ಮಾಡಿ, ಯಾವುದು ಯಾವ ವರ್ಗಕ್ಕೆ ಸೇರುತ್ತದೆಂದು ನಿಯಮ ಬರೆಯಬೇಕು. ಅದೇ ನಿಯಮ ಹಿಡಿದು ಇನ್ನೊಬ್ಬರು ಬೇರೆ ಕೂತು ಮಾಡಿದಾಗಲೂ ಅದೇ ಫಲ ಬಂದರೆ ಗೆದ್ದಂತೆ. ಮಾಡತೊಡಗಿದ ಮೇಲೆಯೇ ಅರ್ಜುನಪ್ಪನಿಗೆ ಅದು ಸರಳವಲ್ಲವೆಂದು ಗೊತ್ತಾದದ್ದು. ಆದರೂ ಅವನಿಗೆ ಅದು ಹಿಡಿಸಿತ್ತು. ಓದಿದ್ದನ್ನು ಲ್ಯಾಬಿನ ಮೇಜಿನ ಮೇಲಿಟ್ಟು ನೋಡುವ ಕೆಲಸ ಅದು.

ಆರನೆಯ ವರ್ಗಕ್ಕೆ ಅವನು ಕೊಟ್ಟ ಹೆಸರು 'ಕೆಲಸ ಉಂಟು, ಮಾಡಿದವರಿಲ್ಲ'. ಮೂರನೆಯ ಇಯತ್ತೆಯ ಪುಸ್ತಕದಲ್ಲಿ ಮದುವೆ ಮನೆಯ ಒಂದು ಪಾಠವಿತ್ತು. ಅದರಲ್ಲಿ ಕುಂಬಾರ ಶಾಸ್ತ್ರಕ್ಕೆ ಬೇಕಾದ ಐರಾಣಿ ಗಡಿಗೆ ತರುತ್ತಿದ್ದ, ಅಕ್ಕಸಾಲಿ ತಾಳಿ ತರುತ್ತಿದ್ದ, ಬಡಿಗ ಹಂದರದ ಕಂಬ ನಿಲ್ಲಿಸುತ್ತಿದ್ದ. ಮದುಮಗನ ಕಾಲಲ್ಲಿ ಹೊಸ ಚಪ್ಪಲಿ ಕಿರುಗುಟ್ಟುತ್ತಿದ್ದವು, ಹಲಗೆಯ ಸದ್ದು ಊರನ್ನೆಲ್ಲ ತುಂಬಿತ್ತು. ಆದರೆ ಚಪ್ಪಲಿ ಹೊಲಿದವನೂ ಹಲಗೆ ಬಾರಿಸಿದವನೂ ಹಂದರದೊಳಗೆ ಎಲ್ಲಿಯೂ ಇರಲಿಲ್ಲ. ಅರ್ಜುನಪ್ಪ ಹಿಂದಿನ ಪುಟ ತಿರುವಿ ನೋಡಿದ್ದ, ಮುಂದಿನ ಪುಟ ತಿರುವಿ ನೋಡಿದ್ದ. ಅವನ ತಂದೆ ಮೈಲಾರಪ್ಪ ಊರಿನ ಮದುವೆಗಳಿಗೆ ಚಪ್ಪಲಿ ಹೊಲಿದು, ಮೆರವಣಿಗೆಯ ಮುಂದೆ ಹಲಗೆ ಬಾರಿಸಿದವನು. ಮನೆಯವರೆಲ್ಲ ಬೌದ್ಧ ದೀಕ್ಷೆ ತೆಗೆದುಕೊಂಡ ವರ್ಷ ಹಲಗೆಯನ್ನು ಗೋಡೆಯಿಂದ ಇಳಿಸಿ, ಬಾರಿಸುವುದನ್ನು ಬಿಟ್ಟಿದ್ದ.

"ನಿಮ್ಮ ತಂದಿಯವರ ವಿಷಯ ನೀವ ನನಗ ಹೇಳೀರಿ," ಎಂದರು ಸರ್. "ನೀವು ಮುಚ್ಚಿಡಲಿಲ್ಲ, ಅದು ನನಗ ಸೇರತದ. ಆದರ ನಾಳೆ ಹೊರಗಿನಿಂದ ಬರೋ ಪರೀಕ್ಷಕರು ಕೇಳೇ ಕೇಳತಾರ. ಇವರು ಹುಡುಕಿಕೊಂಡ ಹ್ವಾದದ್ದು ಇವರಿಗೆ ಸಿಕ್ಕದ, ಇದೇನು ಸಂಶೋಧನಾ ಅಲ್ಲ, ಮನಸಿನ್ಯಾಗಿನ ಸಿಟ್ಟು ಅಂತ ಅಂದ ಬಿಟ್ಟಾರು. ಆವಾಗ ಆರನೇದಷ್ಟ ಅಲ್ಲ, ಉಳಿದ ಐದೂ ಕೈಬಿಟ್ಟು ಹೋಗತಾವ."

"ನಾ ಇಲ್ಲದ್ದು ಬರದಿಲ್ರಿ ಸರ."

"ಇಲ್ಲದ್ದು ಬರದೀರಿ ಅಂತ ನಾ ಎಲ್ಲೆ ಅಂದೆ? ಅದು ಅಲ್ಲೆ ಅದನೋ ನಿಮ್ಮ ಕಣ್ಣಾಗ ಅದನೋ, ಅದನ್ನ ತೋರಸ್ರಿ. ಇನ್ನೊಬ್ಬರ ಕಡೆ ಮಾಡಸ್ರಿ. ಇಬ್ಬರದೂ ಕೂಡಿದರ ಇಟಗೋರಿ. ಕೂಡಲಿಲ್ಲಂದ್ರ ತಗದ ಹಾಕ್ರಿ. ಹಂಗ ಇಟಗೊಂಡು ಬಂದರ ನಾ ಸಹಿ ಮಾಡಂಗಿಲ್ಲ."

ಆರನೆಯ ವರ್ಗ ಹೋದರೆ ಪ್ರಬಂಧದಲ್ಲಿ ಉಳಿಯುವುದು ಎಲ್ಲರೂ ಒಪ್ಪುವ, ಯಾರೂ ಓದದ ಲೆಕ್ಕ. ಆದರೂ ಅರ್ಜುನಪ್ಪ ಹಗುರಾಗಿಯೇ ಮೆಟ್ಟಿಲಿಳಿದ. ಸರ್ ಕೇಳಿದ್ದು ನಂಬಿಕೆಯನ್ನಲ್ಲ, ಪುರಾವೆಯನ್ನು. ಪುರಾವೆ ಒದಗಿಸುವುದು ಅವನಿಗೆ ಕಾಲೇಜಿನಿಂದಲೂ ಬರುತ್ತಿದ್ದ ಕೆಲಸ.

ಎರಡನೆಯವನಾಗಿ ಅವನು ಹಿಡಿದದ್ದು ಅಲ್ಲಾವುದ್ದೀನನನ್ನು. ಹುಬ್ಬಳ್ಳಿಯವನು, ಗಣಿತದ ಮಾಸ್ತರ, ಎಂ.ಎಡ್. ಜೊತೆಗಾರ. ಇಬ್ಬರೂ ದಿನಾ ಬೆಳಿಗ್ಗೆ ಒಂದೇ ರೈಲುಗಾಡಿಯಲ್ಲಿ ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವವರು. ಪಾಠಗಳನ್ನೂ ನಿಯಮದ ಹಾಳೆಯನ್ನೂ ಕೊಟ್ಟು ಅರ್ಜುನಪ್ಪ ಹೇಳಿದ: "ಮುಗಿಯೂತನಕ ಪಾಠದ ಬಗ್ಗೆ ನಾವಿಬ್ಬರೂ ಒಂದು ಮಾತೂ ಆಡಬಾರದು."

"ಒಂದೂ?"

"ಒಂದೂ."

ಹೇಳುವುದು ಸುಲಭ. ಆ ದಿನಗಳಲ್ಲಿ ಇಬ್ಬರ ತಲೆಯಲ್ಲೂ ಪಾಠಗಳ ಹೊರತು ಬೇರೇನೂ ಇರಲಿಲ್ಲ. ಹೀಗಾಗಿ ಗಾಡಿಯಲ್ಲಿ ಪಕ್ಕಪಕ್ಕ ಕೂತು ಒಬ್ಬ ಈಚೆ ಕಿಟಕಿಯನ್ನೂ ಇನ್ನೊಬ್ಬ ಆಚೆ ಕಿಟಕಿಯನ್ನೂ ನೋಡುತ್ತಿದ್ದರು. ಅದೇ ಡಬ್ಬಿಯಲ್ಲಿ ಬರುವ ಉಳ್ಳಾಗಡ್ಡಿ ವ್ಯಾಪಾರಿ ಗುಲಾಬಸಾಬನಿಗೆ ಇದನ್ನು ನೋಡಲಾಗಲಿಲ್ಲ.

"ಏನ್ರಿ ಮಾಸ್ತರ, ಮಾತ ಬಿಟ್ಟೀರೇನು ಇಬ್ಬರೂ? ದಿನಾ ಸಂತಿ ಹಂಗ ಗದ್ದಲಾ ಮಾಡಾವರು! ಹೇಳ್ರಿ, ನಾ ಬಗೀಹರಸತೇನಿ. ಹೊಲಾ ಮನಿ ಜಗಳೇನು?"

"ಅಲ್ಲ ಕಾಕಾ," ಎಂದ ಅಲ್ಲಾವುದ್ದೀನ, "ಎಂ.ಎಡ್. ಜಗಳಾ."

"ಹಂಗಾರ ನನ್ನ ಕೈಲೆ ಆಗೂದಿಲ್ಲಪಾ," ಎಂದು ಗುಲಾಬಸಾಬ ಬೀಡಿ ಹಚ್ಚಿಕೊಂಡ.

ಮುಂದಿನ ರವಿವಾರ ಅಲ್ಲಾವುದ್ದೀನ ಸೈಕಲ್ ಹೊಡೆದುಕೊಂಡು ಹುಬ್ಬಳ್ಳಿಯ ಅಂಚಿನ ಗೋಪನಕೊಪ್ಪಕ್ಕೆ, ಅರ್ಜುನಪ್ಪನ ಮನೆಗೆ ಬಂದ. ಅರ್ಜುನಪ್ಪನ ಹೆಂಡತಿ ಸಾವಂತ್ರೆವ್ವ ಪ್ರಾಥಮಿಕ ಶಾಲೆಯ ಅಕ್ಕೋರು. ಇದೇ ಪುಸ್ತಕಗಳನ್ನು ದಿನವೂ ಮಕ್ಕಳಿಗೆ ಓದಿಸುವವಳು. ಚಹಾ ಕೊಟ್ಟು ಅವಳೂ ಅಲ್ಲೇ ಕೂತಳು. ಇಬ್ಬರ ಹಾಳೆಗಳು ಚಾಪೆಯ ಮೇಲೆ ಬಿದ್ದವು.

ಮೊದಲ ಐದು ವರ್ಗ ಬಹಳ ಮಟ್ಟಿಗೆ ಕೂಡಿದವು. ಅಲ್ಲಾವುದ್ದೀನ ಮೀಸೆ ಮೇಲೆ ಕೈಯಾಡಿಸಿದ. ಆರನೆಯ ವರ್ಗ ಮಾತ್ರ ಕೂಡಲಿಲ್ಲ. ಅರ್ಜುನಪ್ಪ ಗುರುತು ಹಾಕಿದಲ್ಲಿ ಅಲ್ಲಾವುದ್ದೀನ ಹಾಕಿರಲಿಲ್ಲ. ಅಲ್ಲಾವುದ್ದೀನ ಹಾಕಿದ್ದು ಅರ್ಜುನಪ್ಪನ ಹಾಳೆಯಲ್ಲಿರಲಿಲ್ಲ. ಒಂದೇ ಪುಸ್ತಕವನ್ನು ಓದಿದ್ದರೋ ಇಲ್ಲವೋ ಎಂದು ಸಂಶಯ ಬರುವಂತಿತ್ತು.

"ಹಲಗಿ ಎಲ್ಲಿ ಹೋತಲೇ ನಿನ್ನ ಹಾಳ್ಯಾಗ?" ಎಂದ ಅರ್ಜುನಪ್ಪ.

"ಹಲಗಿ ಸಪ್ಪಳಾತು ಅಂತ ಬರದಾರ. ಗಾಳಿ ಬೀಸಿತು, ಗುಡುಗು ಗುಡುಗಿತು ಅಂದಂಗ. ಅದರಾಗ ಕೆಲಸ ಎಲ್ಲೈತಿ?"

"ಹಲಗಿ ತಾನ ಬಾರಿಸಿಕೊಂತೈತೇನು?"

"ಮತ್ತ ನಿನ್ನ ಪಾತೇಲಿ ತಾನ ಕಲಾಯಿ ಹಾಕ್ಕೊಂತೈತೇನು?" ಅಲ್ಲಾವುದ್ದೀನ ಪುಸ್ತಕ ಕಸಿದು ಅದೇ ಮದುವೆ ಮನೆಯ ಪಾಠ ತೆಗೆದ. "ಓದು. 'ಕಲಾಯಿ ಕಂಡ ಪಾತ್ರೆಗಳು ಬೆಳ್ಳಿಯಂತೆ ಹೊಳೆಯುತ್ತಿದ್ದವು.' ಇದಕ್ಕ ಯಾಕ ಹಾಕಿಲ್ಲ ನೀನು? ಹೊಸ ಗಾದಿ ಹಾಸಿದ್ದರು ಅಂತೈತಿ. ಅದರಾಗಿನ ಅರಳಿ ಹಿಂಜಿದಾವ ಎಲ್ಲಿ? ನಮ್ಮ ಅಬ್ಬಾ ಭಟ್ಟಿ ಮುಂದ ಕುಂತು ನವಸಾಗರದ ಹೊಗಿ ಕುಡದು ಕುಡದು ಇನ್ನೂ ಕೆಮ್ಮತಾನ, ನಿನಗ ಅದು ಬೆಳ್ಳಿ ಹೊಳದಂಗ ಕಾಣತೈತಿ!"

ಅರ್ಜುನಪ್ಪ ಆ ಸಾಲನ್ನು ಮತ್ತೊಮ್ಮೆ ಓದಿದ. ಅಲ್ಲಾವುದ್ದೀನನ ತಂದೆ ಹಜರತಅಲಿ ಹುಬ್ಬಳ್ಳಿಯಲ್ಲಿ ಕಲಾಯಿ ಹಾಕುವವನೆಂದು ಅವನಿಗೆ ಗೊತ್ತಿತ್ತು. ಅಷ್ಟೇ ಏಕೆ, ನವಸಾಗರವೆಂದರೆ ಅಮೋನಿಯಂ ಕ್ಲೋರೈಡು, ಕಲಾಯಿ ಹಾಕುವಾಗ ತಾಮ್ರದ ಮೇಲಿನ ಕಿಲುಬನ್ನು ಅದು ತೆಗೆಯುತ್ತದೆ ಎಂದು ಪ್ರತಿವರ್ಷ ಬೋರ್ಡಿನ ಮೇಲೆ ಸಮೀಕರಣ ಬರೆದು ಕಲಿಸುತ್ತಿದ್ದವನು ಅವನೇ. ಆದರೂ ಆ ಸಾಲನ್ನು ಅಲಂಕಾರವೆಂದು ದಾಟಿ ಹೋಗಿದ್ದ.

ಅಲ್ಲಾವುದ್ದೀನನಿಗೆ ಗೆಳೆಯನ ಮುಖ ನೋಡಿ ಮರುಕವಾಯಿತು. "ಹೋಗ್ಲಿ ಬಿಡೋ. ಒಂದು ಕೆಲಸಾ ಮಾಡೂಣು. ನಿನ್ನ ಹಲಗಿ ನಾ ಹಾಕ್ಕೋತೇನಿ, ನನ್ನ ಕಲಾಯಿ ನೀ ಹಾಕ್ಕೋ. ಇಬ್ಬರದೂ ಕೂಡತೈತಿ. ಸರಗ ಏನ ಗೊತ್ತಾಗತೈತಿ?"

"ಲ್ಯಾಬಿನ್ಯಾಗ ಬ್ಯುರೆಟ್ಟಿನ ರೀಡಿಂಗ್ ಪಕ್ಕದಾವಂದು ನೋಡಿ ಬರಕೋತಿದ್ದರಲ್ಲ, ಹಂಗಾಗತೈತಿ ಅದು. ಹಾಳಿ ಹಾಳಿ ಕೂಡತಾವ, ನಿಯಮ ಕೂಡೂದಿಲ್ಲ."

"ನಿಮ್ಮಿಬ್ಬರದೂ ಕೂಡಿಸಿದರೂ ಇನ್ನೂ ಬಿಟ್ಟೀರಿ," ಎಂದಳು ಸಾವಂತ್ರೆವ್ವ, ಅಷ್ಟು ಹೊತ್ತು ನಗು ಹಿಡಿದಿಟ್ಟುಕೊಂಡಿದ್ದವಳು. "ಹೊತ್ತು ಹೊಂಡೂದರೊಳಗ ಅಂಗಳ ಸಾರಿಸಿತ್ತಂತ, ರಂಗೋಲಿ ಬಿದ್ದಿತ್ತಂತ. ಅದು ಮ್ಯಾಲಿಂದ ಬಿತ್ತೇನ್ರಿ?"

"ತಗೋ!" ಎಂದ ಅಲ್ಲಾವುದ್ದೀನ. "ವೈನೀನೂ ಒಂದು ಎಂ.ಎಡ್. ಮಾಡಲಿ."

ಮೂವರೂ ನಕ್ಕರು. ನಗು ಇಳಿದ ಮೇಲೆ ಅರ್ಜುನಪ್ಪ ಹಾಳೆಗಳನ್ನು ಮತ್ತೆ ಮುಂದಿಟ್ಟುಕೊಂಡ. ಮೂವರೂ ಒಂದೇ ಪಾಠದಲ್ಲಿ ತಂತಮ್ಮ ಮನೆಯನ್ನೇ ಓದಿದ್ದರು. ಕಾತರಕಿ ಸರ್ ಹೇಳಿದ್ದು ಅರ್ಧ ನಿಜವಾಗಿತ್ತು. ಅದು ಅವನ ಕಣ್ಣಲ್ಲಿಯೂ ಇತ್ತು. ಆದರೆ ಪುಸ್ತಕದಲ್ಲಿಯೂ ಇತ್ತು, ಇಲ್ಲದಿದ್ದರೆ ಮೂವರಿಗೂ ಮೂರು ಕಡೆ ಸಿಗುತ್ತಿರಲಿಲ್ಲ. ತಪ್ಪು ನಿಯಮದ್ದು. 'ಮಾಡಿದವರು ಕಾಣದ ಕೆಲಸವಿದ್ದರೆ ಗುರುತಿಸಿ' ಎಂದು ಅವನು ಬರೆದಿದ್ದ. ಕಾಣದ್ದನ್ನು ಹುಡುಕು ಎಂದರೆ ಮನುಷ್ಯ ತನಗೆ ಗೊತ್ತಿದ್ದದ್ದನ್ನೇ ಹುಡುಕುತ್ತಾನೆ.

ಹಾದಿ ತೋರಿಸಿದ್ದು ಹಳೆಯ ಲ್ಯಾಬು. ಬಿ.ಎಸ್ಸಿ.ಯಲ್ಲಿ ಹೆಸರಿಲ್ಲದ ಲವಣವೊಂದನ್ನು ಕೊಟ್ಟು ಇದರಲ್ಲೇನಿದೆ ಹೇಳಿ ಎನ್ನುತ್ತಿದ್ದರು. ಅಲ್ಲಿ ಯಾರೂ ಬಣ್ಣ ನೋಡಿ ಸೀಸವಿಲ್ಲ, ತಾಮ್ರವಿಲ್ಲ ಎಂದು ಬರೆಯುವಂತಿರಲಿಲ್ಲ. ಮೊದಲ ಗುಂಪಿನ ಪರೀಕ್ಷೆ, ಎರಡನೆಯ ಗುಂಪಿನ ಪರೀಕ್ಷೆ, ಹೀಗೆ ಕ್ರಮವಾಗಿ ಎಲ್ಲವನ್ನೂ ಮಾಡಬೇಕು. ಇದ್ದರೆ ತಳದಲ್ಲಿ ಕೂರುತ್ತಿತ್ತು, ಕೂರಲಿಲ್ಲ, ಆದ್ದರಿಂದ ಇಲ್ಲ. ಪರೀಕ್ಷೆ ಮಾಡದೆ ಇಲ್ಲ ಎನ್ನುವ ಹಕ್ಕು ಯಾರಿಗೂ ಇಲ್ಲ. ಪುಸ್ತಕದಲ್ಲಿ ಮನುಷ್ಯರಿಲ್ಲ ಎನ್ನುವುದಕ್ಕೂ ಅದೇ ಶಿಸ್ತು ಬೇಕಿತ್ತು.

ಆ ವಾರವೆಲ್ಲ ಕೂತು ಅವನು ಒಂದು ಪ್ರಶ್ನೆಯನ್ನು ಎರಡು ಮಾಡಿದ. ಮೊದಲ ಓದಿನಲ್ಲಿ ಮನುಷ್ಯರನ್ನು ನೋಡುವಂತಿಲ್ಲ. ಕೈ ತಾಗದೆ ಆಗಲಾರದ್ದನ್ನೆಲ್ಲ ಬರೆದುಕೊಳ್ಳಬೇಕು: ಮಾಡಿದ್ದು, ತೊಳೆದದ್ದು, ದುರಸ್ತಿಯಾದದ್ದು, ಹೊತ್ತು ತಂದದ್ದು, ಬಾರಿಸಿದ್ದು. ಗಡಿಗೆಯಿಂದ ಹಿಡಿದು ರಂಗೋಲಿಯವರೆಗೆ, ದೊಡ್ಡದು ಸಣ್ಣದು ಎನ್ನದೆ. ಎರಡನೆಯ ಓದಿನಲ್ಲಿ ಒಂದೊಂದನ್ನೇ ಹಿಡಿದು, ಅದನ್ನು ಮಾಡಿದವರು ಅದೇ ಪಾಠದಲ್ಲಿ ಹೆಸರಿನಿಂದಲೋ ಕಸುಬಿನಿಂದಲೋ ಬಂದಿದ್ದಾರೆಯೇ ಎಂದು ನೋಡಬೇಕು. ಬಂದಿಲ್ಲವಾದರೆ ಆರನೆಯ ವರ್ಗ. ಸಂಶಯದ ಕಡೆಗಳಿಗೆ ಉದಾಹರಣೆ ಬರೆದ. ಮಾವಿನ ಹಣ್ಣು ಬೇಡ, ಮಾವಿನ ಉಪ್ಪಿನಕಾಯಿ ಬೇಕು. ಹಳ್ಳ ಬೇಡ, ಬಾವಿ ಬೇಕು.

ಹೊಸ ನಿಯಮ ಅವನಿಗೂ ದಯೆ ತೋರಿಸಲಿಲ್ಲ. ನಾಲ್ಕನೆಯ ಇಯತ್ತೆಯ ಒಂದು ಪಾಠದಲ್ಲಿ ಓಣಿ ಸ್ವಚ್ಛವಾಗಿತ್ತು, ಗುಡಿಸಿದವರಿಲ್ಲ ಎಂದು ಅವನು ಹೆಮ್ಮೆಯಿಂದ ಗುರುತು ಹಾಕಿದ್ದ. ಈಗ ಮೊದಲಿನಿಂದ ಓದಿದರೆ ಗುಡಿಸುವವಳು ಆರಂಭದಲ್ಲೇ ಬಂದು, ಮಕ್ಕಳಿಗೆ ಬುದ್ಧಿ ಹೇಳಿ ಹೋಗಿದ್ದಳು. ಅದನ್ನು ತೆಗೆದು ಹಾಕಬೇಕಾಯಿತು. ಅತ್ತ ಕಂಬಾರ, ನೇಕಾರ, ಬಾವಿ ತೋಡಿದವರು, ಹಿಟ್ಟು ಬೀಸಿದವರು ಹೊಸದಾಗಿ ಬಂದು ಸೇರಿದರು. ಆರನೆಯ ವರ್ಗ ಅವನ ತಂದೆಯ ಅಂಗಳ ದಾಟಿ ಊರಗಲವಾಯಿತು. ಹಲಗೆ ಮಾತ್ರ ಅಲ್ಲಿಂದ ಅಲುಗಲಿಲ್ಲ. ಬೇರೆ ಕಸುಬಿನವರು ಒಂದು ಪಾಠದಲ್ಲಿ ಮಾಯವಾದರೆ ಇನ್ನೊಂದರಲ್ಲಿ ಕಾಣುತ್ತಿದ್ದರು. ಹಲಗೆಯವನು, ಚಪ್ಪಲಿಯವನು ಅಲ್ಲಿಯವರೆಗೆ ನೋಡಿದ ಯಾವ ಇಯತ್ತೆಯ ಪಾಠದಲ್ಲೂ ಕಾಣಲಿಲ್ಲ. ಈ ಮಾತನ್ನು ಈಗ ಅವನು ಪರೀಕ್ಷೆ ಮಾಡಿ ಹೇಳಬಹುದಾಗಿತ್ತು.

ಇನ್ನೊಬ್ಬರ ಕೈಯಲ್ಲಿ ಮಾಡಿಸುವುದು ಮಾತ್ರ ಉಳಿದಿತ್ತು. ಅಲ್ಲಾವುದ್ದೀನನಿಗೆ ಈಗ ಗುಟ್ಟೆಲ್ಲ ಗೊತ್ತಾಗಿತ್ತು, ಅವನಿಂದ ಮತ್ತೆ ಮಾಡಿಸುವಂತಿರಲಿಲ್ಲ. ಯಾರು ಎಂದು ಯೋಚಿಸಿ, ಅರ್ಜುನಪ್ಪ ರವಿವಾರ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಧಾರವಾಡದ ಮಾಳಮಡ್ಡಿಗೆ, ಕಾತರಕಿ ಸರ್ ಮನೆಗೆ ಹೋದ. ನಿಯಮದ ಪುಟ ಮತ್ತು ಇಲ್ಲಿಯವರೆಗೆ ಮುಟ್ಟದ ಕೆಲವು ಪಾಠಗಳನ್ನು ಅವರ ಮುಂದಿಟ್ಟ.

"ನಾ ಮಾಡಬೇಕೇನು?" ಸರ್ ಹುಬ್ಬೇರಿಸಿದರು. "ನನಗ ಪರೀಕ್ಷಾ ಇಡಲಿಕ್ಕೆ ಬಂದೀರೇನ್ರಿ?"

"ನಿಮಗಲ್ರಿ ಸರ. ನಿಯಮಕ್ಕ. ಈ ವರ್ಗದ ಬಗ್ಗೆ ನಿಮಗಿಂತ ಹೆಚ್ಚು ಸಂಶಯ ಇದ್ದಾವರು ನನಗ ಯಾರೂ ಸಿಗಲಿಲ್ಲ."

ಸರ್ ಜೋರಾಗಿ ನಕ್ಕರು. "ಅದೇನೋ ಖರೇ." ಕನ್ನಡಕ ಏರಿಸಿ ಪಾಠಗಳನ್ನು ಒಂದೊಂದಾಗಿ ತಿರುವಿದರು. 'ನಮ್ಮ ಹೊಸ ಶಾಲೆ' ಎಂಬ ಪಾಠಕ್ಕೆ ಬಂದಾಗ ಕೈ ನಿಂತಿತು. ಅದನ್ನು ಬೇರೆ ತೆಗೆದಿಟ್ಟರು.

"ಇದು ನನ್ನ ಕಡೆ ಆಗೂದಿಲ್ಲ. ಇದನ್ನ ಬರದಾಂವ ನಾನ. ಪುಸ್ತಕದಾಗ ಹೆಸರು ಹಾಕಿಲ್ಲ, ನಿಮಗ ಗೊತ್ತಿರಲಿಕ್ಕಿಲ್ಲ. ಬ್ಯಾರೇದೊಂದು ಕೊಡ್ರಿ."

ಅರ್ಜುನಪ್ಪ ಗಾಬರಿಯಾಗಿ ಏನೋ ಹೇಳಹೋದ. ಸರ್ ಕೈಯೆತ್ತಿ ತಡೆದರು. ಬೇರೆ ಪಾಠ ಕೊಟ್ಟ ಮೇಲೆ ಅವನನ್ನು ಹಿತ್ತಲ ಕಟ್ಟೆಗೆ ಕಳಿಸಿ, ತಾವು ಪಡಸಾಲೆಯಲ್ಲಿ ಕೂತರು. ನಡುವೆ ಒಂದು ಗೋಡೆ. ಹಿತ್ತಲಿಗೆ ಒಳಗಿನಿಂದ ಒಗ್ಗರಣೆಯ ವಾಸನೆ ಬರುತ್ತಿತ್ತು. ಅರ್ಜುನಪ್ಪ ತನ್ನ ಹಾಳೆ ಮುಗಿಸಿ, ಮತ್ತೊಮ್ಮೆ ನೋಡಿದ, ತಿದ್ದಲಿಲ್ಲ. ಕೂಡದೆ ಹೋದರೆ ಎಲ್ಲಿ ಕೂಡಲಿಲ್ಲವೆಂದು ಗೊತ್ತಾಗುತ್ತದೆ, ಮತ್ತೆ ಬರೆದರಾಯಿತು. ಹಾಗೆ ಅಂದುಕೊಂಡನಾದರೂ ಸರ್ ಕರೆದಾಗ ಒಂದೇ ಹೆಜ್ಜೆಗೆ ಕಟ್ಟೆ ಇಳಿದು ಒಳಗೆ ನಡೆದ.

ಸರ್ ತಮ್ಮ ಹಾಳೆ ಓದುತ್ತ ಹೋದರು. "ಚಕ್ಕಡಿ ಗಾಲಿಗೆ ಹೊಸ ಪಟ್ಟಾ. ಕಂಬಾರ ಇಲ್ಲ. ಆರು."

"ಹೌದ್ರಿ."

"ಮಕ್ಕಳ ಕೊಳ್ಳಾಗ ಚರ್ಮದ ಪಾಟೀಚೀಲ. ಹೊಲದಾಂವ ಇಲ್ಲ. ಆರು."

"ಹೌದ್ರಿ."

"ಕೌದಿ. ಆಯಿ ಹೊಲದಾಳ ಅಂತ ಬರದಾರ. ಮನಿಗೆಲಸ."

"ಹೌದ್ರಿ."

ಹೀಗೆಯೇ ಸಾಗಿತು. ಒಂದು ಕಡೆ ಮಾತ್ರ ಎಡವಿತು. ಊಟದ ಎಲೆಯ ಮೇಲಿನ ಮೊಸರಿಗೆ ಸರ್ ಆರು ಹಾಕಿದ್ದರು, ಅರ್ಜುನಪ್ಪ ಅದನ್ನು ಬರೆದುಕೊಂಡೇ ಇರಲಿಲ್ಲ.

"ಮೊಸರು ತಾನ ಆಗತೈತ್ರಿ ಸರ."

"ತಾನ ಆಗತದ? ಹೆಪ್ಪು ಹಾಕಾವರ್ಯಾರು? ಒಳಗ ಹೋಗಿ ನಮ್ಮ ಮನಿಯವರ ಮುಂದ ಅನ್ರಿ ಆ ಮಾತು, ಇವತ್ತು ಇಬ್ಬರಿಗೂ ಊಟಿಲ್ಲ!" ಎಂದ ಸರ್ ತಟ್ಟನೆ ತಮ್ಮನ್ನೇ ತಡೆದುಕೊಂಡರು. "ನೋಡಿದಿರಿಲ್ಲೋ, ನಾನೂ ನಮ್ಮ ಮನೀನ ಓದಿದೆ." ಅರ್ಜುನಪ್ಪ ನಿಯಮದ ಪುಟದಲ್ಲಿ ಉಪ್ಪಿನಕಾಯಿಯ ಪಕ್ಕ ಮೊಸರನ್ನೂ ಬರೆದ.

ಮೊಸರೊಂದನ್ನು ಬಿಟ್ಟು ಉಳಿದದ್ದೆಲ್ಲ ಕೂಡಿತ್ತು. ಸರ್ ಎರಡೂ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಅಂಚು ಸಮ ಮಾಡಿದರು. ಆಮೇಲೆ ಬೇರೆ ಇಟ್ಟಿದ್ದ ಪಾಠವನ್ನು ಅವನತ್ತ ಸರಿಸಿದರು.

"ಈಗ ಇದನ್ನ ನೀವು ಮಾಡ್ರಿ. ನನ್ನ ಎದುರಿಗೆ."

ಅರ್ಜುನಪ್ಪ ಅವರ ಮುಖ ನೋಡಿದ. ಅವರು ನಗುತ್ತಿರಲಿಲ್ಲ, ಸಿಟ್ಟಿನಲ್ಲೂ ಇರಲಿಲ್ಲ. ಅವನು ಓದಿದ. ಹೊಸ ಶಾಲೆಯ ಗೋಡೆ ಏಳುತ್ತಿತ್ತು. ಕಲ್ಲು ಕಡಿಯುವವನು ಇದ್ದ, ಬಡಿಗನಿದ್ದ, ಬಣ್ಣ ಹಚ್ಚುವವನಿಗೆ ಮಕ್ಕಳು ನೀರು ಕೊಡುತ್ತಿದ್ದರು. ಸುಣ್ಣ ಅರೆದವರು, ಮಣ್ಣಿನ ಬುಟ್ಟಿ ಹೊತ್ತವರು ಇರಲಿಲ್ಲ. ಉದ್ಘಾಟನೆಯ ದಿನ ಹಲಗೆಯ ಸದ್ದಿಗೆ ಮಕ್ಕಳು ಕುಣಿದಿದ್ದರು. ಅರ್ಜುನಪ್ಪ ಇದ್ದವರನ್ನು ಇದ್ದಾರೆಂದೂ ಇಲ್ಲದವರನ್ನು ಇಲ್ಲವೆಂದೂ ಬರೆದು ಹಾಳೆಯನ್ನು ಅವರಿಗೆ ಕೊಟ್ಟ. ಮೆತ್ತಗೆ ಮಾಡಲಿಲ್ಲ, ಒತ್ತಿಯೂ ಬರೆಯಲಿಲ್ಲ.

ಸರ್ ಅದನ್ನು ತಮ್ಮ ಪಾಠದ ಪಕ್ಕದಲ್ಲಿಟ್ಟು ಒಂದೊಂದೇ ಸಾಲು ಹೋಲಿಸಿ ನೋಡಿದರು.

"ಬರಿಯೂ ಮುಂದ ನನಗ ಆ ಹಲಗಿ ಕೇಳಸಿತ್ತು," ಎಂದರು. "ಬಾರಿಸಾಂವ ಕಾಣಲಿಲ್ಲ. ಬೇಕಂತ ಬಿಟ್ಟಿಲ್ಲ ಅರ್ಜುನಪ್ಪ, ಖರೇನ ಕಾಣಲಿಲ್ಲ."

"ಬೇಕಂತ ಬಿಟ್ಟೀರಿ ಅಂತ ನನ್ನ ಪ್ರಬಂಧದಾಗೂ ಎಲ್ಲೂ ಬರದಿಲ್ರಿ ಸರ. ನಿಯಮಕ್ಕ ಅದು ಗೊತ್ತಾಗೂದಿಲ್ಲ. ಅದಾರೋ ಇಲ್ಲೋ, ಅಷ್ಟ ಗೊತ್ತಾಗತೈತಿ."

"ನನ್ನ ಪಾಠಾನೂ ಹಾಕ್ರಿ ಒಳಗ. ನಮ್ಮ ಸರದು ಅಂತ ಬಿಡಬ್ಯಾಡ್ರಿ."

"ಹಾಕತೇನ್ರಿ."

"ಪರೀಕ್ಷಕರು ನೀವು ಯಾರ ಮಗ ಅಂತ ಕೇಳಿದರ?"

"ಮೈಲಾರಪ್ಪನ ಮಗ, ನಮ್ಮಪ್ಪ ಹಲಗಿ ಬಾರಿಸತಿದ್ದ ಅಂತ ಹೇಳತೇನ್ರಿ. ಆಮ್ಯಾಲೆ ನಿಯಮದ ಪುಟ, ಒಂದು ಪಾಠ, ಒಂದು ಪೆನ್ಸಿಲ್ ಅವರ ಮುಂದ ಇಟ್ಟು, ನೀವೂ ಒಂದು ಸಲ ಮಾಡಿ ನೋಡ್ರಿ ಅಂತೇನಿ."

"ಮಾಡಸೇ ಮಾಡಸತೀರಿ ನೀವು, ನನ್ನನ್ನ ಬಿಡಲಿಲ್ಲ!" ಸರ್ ಒಳಗೆ ತಿರುಗಿ ಊಟಕ್ಕೆ ಇನ್ನೊಂದು ತಾಟು ಇಡಲು ಹೇಳಿದರು. "ಒಂದು ಮಾತು. ಆರನೇ ವರ್ಗ ಕಡೀಕ ಇಟ್ಟೀರಿ, ಅಂಜಿಕೊಂಡು ಇಟ್ಟಂಗ ಕಾಣತದ. ಮೊದಲಿಗೆ ತರ್ರಿ. ಮೊದಲನೇ ಅಧ್ಯಾಯ ಅಲ್ಲಿಂದನ ಸುರು ಆಗಲಿ."

ತಾಟು ಬರುವುದಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಅರ್ಜುನಪ್ಪ ಪಡಸಾಲೆಯ ಚಾಪೆಯ ಮೇಲೆ ಹೊಸ ಹಾಳೆಯೊಂದನ್ನು ತೆಗೆದು, ಮೊದಲನೆಯ ಅಧ್ಯಾಯ ಎಂದು ಬರೆದು, ಕೆಳಗೆ ಗೆರೆ ಎಳೆದ.